ಪ್ರತಿನಿಧಿಗಳ ಬಾಲ್ಕನಿಯಲ್ಲಿ ಹೊಗೆ

ಪ್ಯೋ ಮಾನ್‌ಸಿಕ್ ಅವರು ಜೀವಮಾನದಲ್ಲಿ ಒಂದು ಲೋಟ ನೀರನ್ನೂ ತಾವಾಗಿ ಕಾಯಿಸಿಕೊಂಡವರಲ್ಲ. ಅಂಥವರು ಶನಿವಾರ ಬೆಳಿಗ್ಗೆ ಊಟದ ಮೇಜಿನ ಮುಂದೆ ಕುಳಿತು, ಭಾನುವಾರದ ಅಡುಗೆ ತಮ್ಮದು ಎಂದು ಘೋಷಿಸಿದರು. ಘೋಷಿಸಿದರು ಎಂಬುದೇ ಸರಿಯಾದ ಮಾತು. ಡೇಜನ್ ನಗರದ ಶಾಲೆಯೊಂದರಲ್ಲಿ ಮೇಷ್ಟರಾಗಿ, ಕೊನೆಗೆ ಉಪಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ಅವರಿಗೆ ಸುಮ್ಮನೆ ಮಾತಾಡುವುದು ಬರುತ್ತಿರಲಿಲ್ಲ. ಉಪ್ಪು ಬೇಕಾದರೂ ಘೋಷಣೆಯೇ.

"ಕ್ಕೊಚಿ ಮಾಡ್ತೀನಿ," ಎಂದರು. "ದನದ ಮಾಂಸ ಸೋಯಾ ಸಾಸಲ್ಲಿ ನೆನೆಸಿ, ಕಡ್ಡಿಗೆ ಚುಚ್ಚಿ, ಇದ್ದಿಲ ಮೇಲೆ ಸುಟ್ಟದ್ದು. ಒಂದು ತುಂಡು ಬಾಯಿಗಿಟ್ಟ ಕೂಡ್ಲೇ ಆ ಹುಡುಗನಿಗೆ ಇದು ಎಂಥಾ ಮನೆ ಅಂತ ಗೊತ್ತಾಗ್ಬೇಕು."

ಆ ಹುಡುಗ ಎಂದರೆ ಗು ಇನ್‌ಹೋ. ಮಗಳು ಸೇಬೊಮ್ ಮದುವೆಯಾದರೆ ಇವನನ್ನೇ ಎಂದು ಹಟ ಹಿಡಿದಿದ್ದಳು. ಭಾನುವಾರ ಅವನು ಮೊದಲ ಸಲ ಮನೆಗೆ ಬರುವವನಿದ್ದ. ಅವನದು ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿ. ಇಷ್ಟು ತಿಳಿದ ಮೇಲೆ ಮಾನ್‌ಸಿಕ್ ಅವರಿಗೆ ಹೆಚ್ಚಿನ ವಿಚಾರಣೆ ಬೇಕಾಗಿರಲಿಲ್ಲ. ಅವರ ಯೋಜನೆ ಸರಳವಾಗಿತ್ತು. ಹುಡುಗನಿಗೆ ರಾಜೋಪಚಾರದ ಊಟ ಹಾಕುವುದು, ಪ್ರಾಮಾಣಿಕತೆಯ ಮೇಲೆ ನಾಲ್ಕು ಪ್ರಶ್ನೆ ಕೇಳುವುದು, ಆಮೇಲೆ "ಎರಡು ಮೂರು ವರ್ಷ ಯೋಚನೆ ಮಾಡೋಣಪ್ಪ" ಎಂದು ಬೆನ್ನು ತಟ್ಟಿ ಲಿಫ್ಟಿನವರೆಗೆ ಬಿಟ್ಟುಬರುವುದು. ಊಟ ಎಷ್ಟು ಘನವಾಗಿದ್ದರೆ ನಿರಾಕರಣೆಯೂ ಅಷ್ಟೇ ಘನವಾಗಿರುತ್ತದೆ ಎಂಬುದು ಅವರ ನಂಬಿಕೆ.

"ಇದ್ದಿಲು ಎಲ್ಲಿ ಹೊತ್ತಿಸ್ತೀರಿ?" ಹೆಂಡತಿ ಯೊಂಗ್‌ರಾನ್ ಕೇಳಿದರು.

"ಬಾಲ್ಕನೀಲಿ."

ಯೊಂಗ್‌ರಾನ್ ಕೈಯಲ್ಲಿದ್ದ ಚಮಚ ಕೆಳಗಿಟ್ಟರು. ಅದಕ್ಕೆ ಕಾರಣವಿತ್ತು. ಆ ಅಪಾರ್ಟ್‌ಮೆಂಟಿನ ಒಂಬೈನೂರು ಮನೆಗಳಲ್ಲಿ ಯಾರೂ ಬಾಲ್ಕನಿಯಲ್ಲಿ ಮಾಂಸ ಸುಡಬಾರದು ಎಂಬ ನಿಯಮ ಬಂದದ್ದು ಆ ವರ್ಷವೇ. ತಂದವರು ನೂರ ಏಳನೇ ಕಟ್ಟಡದ ಪ್ರತಿನಿಧಿಗಳಾದ ಪ್ಯೋ ಮಾನ್‌ಸಿಕ್. ಬರೀ ನಿಷೇಧ ಸಾಲದೆಂದು, ಸುಟ್ಟವನು ಆಫೀಸಿಗೆ ಇಳಿದುಬಂದು ತನ್ನ ಮನೆ ನಂಬರು ಹೇಳಿ ಮೈಕಿನಲ್ಲಿ ಎಲ್ಲರ ಕ್ಷಮೆ ಕೇಳಬೇಕು ಎಂಬ ಬಾಲವನ್ನೂ ಸೇರಿಸಿದ್ದರು. ಪ್ರತಿ ಮನೆಯ ಹಜಾರದಲ್ಲೂ ಆಫೀಸಿನ ಸ್ಪೀಕರ್ ಇದೆ. ಅದರ ಬಾಯಿ ಮುಚ್ಚಿಸುವ ಗುಂಡಿ ಮಾತ್ರ ಯಾವ ಮನೆಯಲ್ಲೂ ಇಲ್ಲ. ಎಚ್ಚರಿಕೆಯ ಪ್ರಕಟಣೆ ಓದಿ ರೆಕಾರ್ಡ್ ಮಾಡಿಡಲು ಒಳ್ಳೆಯ ಕಂಠ ಬೇಕೆಂದಾಗ, ಮಾನ್‌ಸಿಕ್ ಅವರು ಬೇರೆ ಯಾರ ಹೆಸರೂ ಬರುವ ಮೊದಲೇ ಎದ್ದು ನಿಂತಿದ್ದರು.

"ನಿಯಮ ಮಾಡಿದ್ದು ನೀವೇ ಅಲ್ವೇನ್ರೀ?"

"ಹೊಗೆ ಎಬ್ಬಿಸೋರಿಗೆ ಮಾಡಿದ್ದು. ನಾನು ತಂದಿರೋದು ಹೊಗೆ ಬರದ ಇದ್ದಿಲು. ನಿಯಮದ ಆತ್ಮ ಅರ್ಥ ಮಾಡ್ಕೋಬೇಕು ಕಣೇ, ಅಕ್ಷರ ಅಲ್ಲ."

"ಆತ್ಮಾನ ನೀವೇ ನೋಡ್ಕೊಳ್ಳಿ. ಮಾಂಸಕ್ಕೆ ಅರ್ಧ ಪೇರ್ ಹಣ್ಣು ತುರಿದು ಹಾಕಿ, ಸಾಕು."

ಆದರೆ ಪೇರ್ ಹಣ್ಣು ಹಾಕುವುದು ಹಳೆಯ ಕಾಲದ ಪದ್ಧತಿ ಎಂದು ಮಾನ್‌ಸಿಕ್ ಅವರಿಗೆ ಅವರ ಬೆಟ್ಟ ಹತ್ತುವ ಗೆಳೆಯನೊಬ್ಬ ಹೇಳಿದ್ದ. ಈಗ ಎಲ್ಲರೂ ಹಾಕುವುದು ಕಿವಿ ಹಣ್ಣಂತೆ. ಒಂದು ಚಮಚ ಹಾಕಿ ಅರ್ಧ ಗಂಟೆ ಬಿಟ್ಟರೆ ಎಂಥ ಮಾಂಸವೂ ಮೆತ್ತಗಾಗುತ್ತದಂತೆ. ಒಂದು ಚಮಚಕ್ಕೆ ಅಷ್ಟು ಮೆತ್ತಗಾದರೆ ಮೂರು ಇಡೀ ಹಣ್ಣಿಗೆ ಎಷ್ಟಾಗಬೇಡ? ಅರ್ಧ ಗಂಟೆಗೇ ಅಷ್ಟಾದರೆ ಒಂದು ರಾತ್ರಿಗೆ? ಹಲವು ವರ್ಷ ಗಣಿತ ಹೇಳಿಕೊಟ್ಟ ಮನುಷ್ಯ ಲೆಕ್ಕ ತಪ್ಪುವ ಪ್ರಶ್ನೆಯೇ ಇರಲಿಲ್ಲ. ಸೋಯಾ ಸಾಸು, ಎಳ್ಳೆಣ್ಣೆ, ಸಕ್ಕರೆ, ಬೆಳ್ಳುಳ್ಳಿ ಎಲ್ಲವನ್ನೂ ಕಲಸಿ, ಮೂರು ಹಣ್ಣು ರುಬ್ಬಿ ಸುರಿದು, ಡಬ್ಬಿಯನ್ನು ಕಿಮ್ಚಿ ಉಪ್ಪಿನಕಾಯಿ ಇಡುವ ಫ್ರಿಜ್ಜಿನ ತಳದಲ್ಲಿಟ್ಟು ಮಲಗಿದರು. "ಕಿವಿ ಹಣ್ಣು ಜಾಸ್ತಿ ಆದ್ರೆ ಮಾಂಸ ಉಳಿಯಲ್ಲ ಕಣ್ರೀ" ಎಂದು ಯೊಂಗ್‌ರಾನ್ ಮಲಗುವ ಕೋಣೆಯಿಂದ ಕೂಗಿದ್ದರು. ಹಣ್ಣಿನ ಹೆಸರಿನಲ್ಲಿ ಕಿವಿ ಇತ್ತೇ ಹೊರತು ಕೇಳುವವರಲ್ಲಿ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಡಬ್ಬಿಯ ಮುಚ್ಚಳ ತೆಗೆದಾಗ ಒಳಗಿದ್ದದ್ದು ಗಂಜಿ. ಮಾಂಸದ ಬಣ್ಣದ, ಮಾಂಸದ ವಾಸನೆಯ, ಅಪ್ಪಟ ಗಂಜಿ. ಚಾಪ್‌ಸ್ಟಿಕ್ಕಿನಲ್ಲಿ ಎತ್ತಿದರೆ ಜಾರಿ ಮತ್ತೆ ಡಬ್ಬಿಗೇ ಇಳಿಯಿತು. ಮಾನ್‌ಸಿಕ್ ಅವರು ಅಡುಗೆಮನೆಯ ಬಾಗಿಲು ಹಾಕಿಕೊಂಡರು. ವೀಳ್ಯದೆಲೆಗೆ ಸುಣ್ಣ ಹಚ್ಚಿದಂತೆ, ಒಂದೊಂದು ಕಡ್ಡಿಗೂ ಆ ಗಂಜಿಯನ್ನು ಮೆತ್ತಿ, ಕೈಯಿಂದ ಒತ್ತಿ, ಉಸಿರು ಬಿಗಿಹಿಡಿದು ತಟ್ಟೆಯಲ್ಲಿ ಸಾಲಾಗಿಟ್ಟರು. ಬಾಗಿಲ ಬಿರುಕಿನಿಂದ ನೋಡಿದ ಮಗಳು, "ಅಪ್ಪ, ಇದು ಮಾಂಸಾನಾ, ಮಣ್ಣಾ?" ಎಂದಳು.

"ಬೆಂಕಿ ತಾಗಿದ್ರೆ ಗಟ್ಟಿಯಾಗುತ್ತೆ. ನೀನು ಹೋಗಿ ಅವನನ್ನ ಕೂರಿಸು."

ಇನ್‌ಹೋ ಆಗಲೇ ಬಂದಿದ್ದ. ಬಟ್ಟೆಯಲ್ಲಿ ಸುತ್ತಿದ ದೊಡ್ಡ ಪೆಟ್ಟಿಗೆ ತಂದಿದ್ದ. ಅದರ ತುಂಬ ಪೇರ್ ಹಣ್ಣು. ಯೊಂಗ್‌ರಾನ್ ಹಣ್ಣುಗಳನ್ನು ನೋಡಿ, ಅಡುಗೆಮನೆಯ ಕಡೆ ನೋಡಿ, "ನಿನ್ನೇನೇ ಬಂದಿದ್ರೆ ಚೆನ್ನಾಗಿತ್ತಪ್ಪ," ಎಂದರು. ಹುಡುಗ ಪಾಪ, ಒಂದು ದಿನ ತಡವಾಗಿ ಬಂದೆನೇನೋ ಎಂದು ಹೆದರಿ ಎದ್ದು ನಿಂತು ನಡು ಬಗ್ಗಿಸಿ ಕ್ಷಮೆ ಕೇಳಿದ. ಸೋಫಾದ ಅಂಚಿನಲ್ಲಿ, ಬಿದ್ದರೂ ಬಿದ್ದೇನು ಒರಗಲಾರೆ ಎಂಬಂತೆ ಕುಳಿತಿದ್ದ.

ಮಾನ್‌ಸಿಕ್ ಅವರು ಹೆಂಡತಿಯ ಹೂವಿನ ಏಪ್ರನ್ ಕಟ್ಟಿಕೊಂಡು, ಹಜಾರದ ಗಾಜಿನ ಬಾಗಿಲಾಚೆ ಬಾಲ್ಕನಿಗೆ ನಡೆದರು. ಇದ್ದಿಲು ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಕೆಂಡ ನಿಗಿನಿಗಿ ಎನ್ನುತ್ತಿತ್ತು, ಹೊಗೆಯ ಸುಳಿವಿಲ್ಲ. ಅವರು ಗಾಜಿನೊಳಗಿನಿಂದ ನೋಡುತ್ತಿದ್ದ ಮೂವರತ್ತ ತಿರುಗಿ, ಸಮರಕ್ಕೆ ಹೊರಟ ಸೇನಾಪತಿಯಂತೆ ತಲೆಯಾಡಿಸಿ, ಹನ್ನೆರಡು ಕಡ್ಡಿಗಳನ್ನೂ ಒಟ್ಟಿಗೆ ಜಾಲರಿಯ ಮೇಲಿಟ್ಟರು.

ಕಡ್ಡಿಗಳು ಜಾಲರಿಯ ಮೇಲೆ ಉಳಿದವು. ಮಾಂಸ ಉಳಿಯಲಿಲ್ಲ. ಅದು ಸಕ್ಕರೆ, ಎಳ್ಳೆಣ್ಣೆ ಸಮೇತ ಕೆಂಡದೊಳಕ್ಕೆ ಇಳಿಯಿತು. ಹೊಗೆ ಬರದ ಇದ್ದಿಲಿನ ಪಾಲಿನ ಹೊಗೆಯನ್ನೂ ಅದೇ ಬಿಟ್ಟಿತು. ಮೊದಲು ಮಾನ್‌ಸಿಕ್ ಅವರ ಕಾಲು ಕಾಣಿಸದಾಯಿತು, ಆಮೇಲೆ ಸೊಂಟ, ಆಮೇಲೆ ಇಡೀ ಉಪಮುಖ್ಯೋಪಾಧ್ಯಾಯರೇ. ಗಾಬರಿಯಲ್ಲಿ ಕೈಗೆ ಸಿಕ್ಕಿದ ಪಾತ್ರೆ ಎತ್ತಿ ಸುರಿದರು. ಅದು ಯೊಂಗ್‌ರಾನ್ ಹತ್ತು ದಿನ ಹುದುಗಿಸಿದ್ದ ಮೂಲಂಗಿ ಕಿಮ್ಚಿಯ ನೀರು. ಬುಸ್ ಎಂದು ಎದ್ದ ಆವಿ ಹೊಗೆಯ ಜೊತೆಗೂಡಿ ಬಾಲ್ಕನಿಯ ಕಿಟಕಿಯಿಂದ ಹೊರಬಿದ್ದು ಮೇಲಿನ ಹದಿಮೂರನೇ ಮಹಡಿಗೆ ಏರಿತು.

ಅಷ್ಟರಲ್ಲಿ ಹಜಾರದ ಸ್ಪೀಕರ್ ಡಿಂಗ್ ಡಾಂಗ್ ಎಂದಿತು.

"ಮಾನ್ಯ ನಿವಾಸಿಗಳೇ," ಎಂದಿತು ಗಂಭೀರವಾದ, ಅನುನಾಸಿಕ ಸೇರಿದ ಕಂಠವೊಂದು. "ಯಾರೋ ಒಬ್ಬರು ಬಾಲ್ಕನಿಯಲ್ಲಿ ಮಾಂಸ ಸುಡುತ್ತಿದ್ದಾರೆ. ನೆರೆಹೊರೆಯವರ ಮೂಗಿನ ಬಗ್ಗೆ ಗೌರವವಿಲ್ಲದವರು ಮನೆಯಲ್ಲಿ ಮಕ್ಕಳಿಗೆ ಏನು ಕಲಿಸಿಯಾರು? ತಕ್ಷಣ ಬೆಂಕಿ ಆರಿಸಿ, ನಾಚಿಕೆಯಿದ್ದರೆ ಕೆಳಗಿಳಿದು ಬನ್ನಿ."

ಇನ್‌ಹೋ ಸ್ಪೀಕರಿನ ಕಡೆ ನೋಡಿದ. ಬಾಲ್ಕನಿಯ ಹೊಗೆಯೊಳಗಿಂದ "ನೀರು ತನ್ನಿ, ನೀರು" ಎಂದು ಅದೇ ಕಂಠ ಕೂಗುತ್ತಿತ್ತು. ಮತ್ತೆ ಸ್ಪೀಕರಿನ ಕಡೆ ನೋಡಿದ.

"ಇಬ್ರೂ ಅಪ್ಪಾನೇ," ಎಂದಳು ಸೇಬೊಮ್.

ಹುಡುಗ ಕೋಟು ಕಳಚಿದ, ಟವೆಲ್ ಒದ್ದೆ ಮಾಡಿದ, ಬಾಲ್ಕನಿಗೆ ನುಗ್ಗಿ ಕೆಂಡದ ಮೇಲೆ ದೊಡ್ಡ ಪಾತ್ರೆ ಬೋರಲು ಹಾಕಿದ. ಕೆಮ್ಮಿ ಕೆಮ್ಮಿ ಗೋಡೆಗೆ ಅಂಟಿದ್ದ ಮಾನ್‌ಸಿಕ್ ಅವರ ಭುಜದ ಮೇಲೆ ಕೈಯಿಟ್ಟು, "ಏನಾಗಲ್ಲ, ಏನಾಗಲ್ಲ. ಹಾಗೇ ಇರಿ. ಜಾಣ. ಈಗ ಮೆಲ್ಲಗೆ ಕೂತ್ಕೊಳ್ಳಿ," ಎಂದ. ಅವರು ಕೂತರು. ಟವೆಲಿನಿಂದ ಅವರ ಮುಖ, ಕಿವಿಯ ಹಿಂಭಾಗ, ಗದ್ದದ ಕೆಳಗೆಲ್ಲ ಎರಡೇ ನಿಮಿಷದಲ್ಲಿ ಒರೆಸಿದ. ಅವನಿಗೆ ಹೀಗೆ ಮಾತಾಡಿ ಯಾರನ್ನು ಕೂರಿಸಿ ಅಭ್ಯಾಸ ಎಂಬುದು ಮಾನ್‌ಸಿಕ್ ಅವರಿಗೆ ಹೊಳೆಯುವ ಹೊತ್ತಿಗೆ ಮುಖ ಸ್ವಚ್ಛವಾಗಿತ್ತು.

ಇಂಟರ್‌ಕಾಮ್ ಸದ್ದು ಮಾಡಿತು. ಯೊಂಗ್‌ರಾನ್ ಎತ್ತಿ ಗಂಡನ ಕೈಗೆ ಕೊಟ್ಟರು. ಆಫೀಸಿನ ಮ್ಯಾನೇಜರು.

"ಪ್ರತಿನಿಧಿಗಳೇ, ಕ್ಷಮಿಸಿ, ಭಾನುವಾರ ತೊಂದ್ರೆ ಕೊಡ್ತಿದ್ದೀನಿ. ಹೊಗೆ ನಿಮ್ಮ ಕಟ್ಟಡದ್ದೇ. ಎದುರು ಕಟ್ಟಡದೋರು ಫೋಟೋ ಬೇರೆ ತೆಗ್ದಿದ್ದಾರೆ, ಮುಖ ಕಾಣ್ಸಲ್ಲ, ಹೂವಿನ ಏಪ್ರನ್ ಒಂದು ಕಾಣ್ಸುತ್ತೆ. ಹನ್ನೆರಡನೇ ಮಹಡಿ ಅಂತಾರೆ. ನೀವು ಅಲ್ಲೇ ಇದ್ದೀರಲ್ಲ, ಸ್ವಲ್ಪ ಹಿಡ್ಕೊಡ್ತೀರಾ? ನಿಮ್ಮ ಕೈಗೆ ಸಿಕ್ಕಿದ್ರೆ ಬಿಡೋರಲ್ಲ ನೀವು."

"ಹೂಂ," ಎಂದರು ಮಾನ್‌ಸಿಕ್. ಅವರ ಜೀವನದ ಅತ್ಯಂತ ಚಿಕ್ಕ ಭಾಷಣ ಅದು. "ಕಳಿಸ್ತೀನಿ."

ಇಂಟರ್‌ಕಾಮ್ ಇಟ್ಟು ಏಪ್ರನ್ನಿನ ಗಂಟು ಬಿಚ್ಚಲು ಹೋದರು. ಗಂಟು ಬಿಗಿಯಾಯಿತು. ಕೆಳಗೆ ಹೋಗಿ, ತಾವೇ ಉದ್ಘಾಟಿಸಿದ ಮೈಕಿನ ಮುಂದೆ ನಿಂತು, ಒಂಬೈನೂರು ಮನೆಗಳಿಗೆ ತಮ್ಮ ಹೆಸರು ಹೇಳಬೇಕು. ಮುಂದಿನ ಸಭೆಯಲ್ಲಿ ಯಾವ ಮುಖ ಹೊತ್ತು ಕೂರುವುದು? ಲಿಫ್ಟಿನಲ್ಲಿ ಯಾರ ಮುಖ ನೋಡುವುದು?

"ಸಾರ್," ಇನ್‌ಹೋ ಮೆಲ್ಲಗೆ ಹೇಳಿದ. "ನಾನು ಹೋಗಿ ಹೇಳ್ತೀನಿ, ನಾನೇ ಸುಟ್ಟೆ ಅಂತ. ನನ್ನ ಮುಖ ಇಲ್ಲಿ ಯಾರಿಗೂ ಗೊತ್ತಿಲ್ಲ. ಹೊರಗಿನೋನು, ತಿಳೀದೆ ಮಾಡ್ದ ಅಂದ್ಕೊಳ್ತಾರೆ."

ತಾಯಿ ಮಗಳು ಇಬ್ಬರೂ ಮಾನ್‌ಸಿಕ್ ಅವರನ್ನೇ ನೋಡುತ್ತಿದ್ದರು. ಪೆನ್ಸಿಲು ಕದ್ದ ಹುಡುಗನಿಗೂ ಸತ್ಯದ ಮೇಲೆ ಒಂದು ಗಂಟೆ ಉಪನ್ಯಾಸ ಕೊಟ್ಟ ಮನುಷ್ಯ ಅವರು. ಸತ್ಯವಾಗಿಯೂ ಒಂದು ನಿಮಿಷ ಸಂಕಟಪಟ್ಟರು. ಆಮೇಲೆ ಗಂಟಲು ಸರಿ ಮಾಡಿಕೊಂಡರು.

"ಮೈಕಿಂದ ಬಾಯಿ ಒಂದು ಗೇಣು ದೂರ ಇರ್ಲಿ," ಎಂದರು. "ನಿಧಾನವಾಗಿ ಮಾತಾಡು. ಇಲ್ಲಾಂದ್ರೆ ಮೇಲಿನ ಮಹಡಿಯೋರಿಗೆ ಸರಿಯಾಗಿ ಕೇಳ್ಸಲ್ಲ."

ಹುಡುಗ ಏಪ್ರನ್ನಿನ ಗಂಟನ್ನು ಎರಡು ಬೆರಳಿನಲ್ಲಿ ಬಿಡಿಸಿ, ಅದನ್ನು ತಾನು ಕಟ್ಟಿಕೊಂಡು ಹೋದ. ಮಾನ್‌ಸಿಕ್ ಅವರು ಸೋಫಾದಲ್ಲಿ ಕಾಲು ಚಾಚಿದರು. ಒಳ್ಳೆಯ ಹುಡುಗ ಎಂದುಕೊಂಡರು. ಎರಡು ಮೂರು ವರ್ಷದ ಬದಲು ಒಂದು ವರ್ಷ ಯೋಚಿಸಿದರೂ ತಪ್ಪಿಲ್ಲ ಎಂದುಕೊಂಡರು.

ಡಿಂಗ್ ಡಾಂಗ್.

"ಎಲ್ಲರಿಗೂ ನಮಸ್ಕಾರ," ಇನ್‌ಹೋನ ದನಿ ನಡುಗುತ್ತಿತ್ತು, ಆದರೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. "ಯಾವ ಮನೆ, ಆ ಮನೆಯೋರಿಗೆ ಏನಾಗ್ಬೇಕು ಅಂತ ಹೇಳ್ಲೇಬೇಕು ಅಂದ್ರು ಆಫೀಸಲ್ಲಿ. ನಾನು ನೂರ ಏಳನೇ ಕಟ್ಟಡ, ಸಾವಿರದ ಇನ್ನೂರ ಮೂರನೇ ನಂಬರಿನ ಪ್ಯೋ ಮಾನ್‌ಸಿಕ್ ಅವರ ಅಳಿಯ ಆಗೋನು, ಗು ಇನ್‌ಹೋ. ಮಾಂಸ ಸುಟ್ಟಿದ್ದು ನಾನು. ಮಾವನವರು ಬೇಡ ಬೇಡ ಅಂದ್ರು, ನಾನೇ ಕೇಳ್ಲಿಲ್ಲ. ಅವರು ಎಂಥಾ ನಿಯಮದ ಮನುಷ್ಯ ಅಂತ ನಿಮಗೆಲ್ಲ ಗೊತ್ತೇ ಇದೆ. ಅಂಥೋರು ನನ್ನನ್ನ ಅಳಿಯ ಅಂತ ಒಪ್ಪಿ ಊಟಕ್ಕೆ ಕರ್ದಿದ್ರು, ನಾನು ಅವರ ಮರ್ಯಾದೆ ಕಳ್ದೆ. ದಯವಿಟ್ಟು ಕ್ಷಮಿಸಿ. ಮದುವೆ ದಿನ ಗೊತ್ತಾದ ಮೇಲೆ ಎಲ್ರಿಗೂ ತಿಳಿಸ್ತೀವಿ, ತಪ್ಪದೆ ಬನ್ನಿ."

ಸ್ಪೀಕರ್ ನಿಂತಿತು. ಯೊಂಗ್‌ರಾನ್ ಅವರ ಫೋನು ಹೊಡೆದುಕೊಂಡಿತು, ಅದರ ಹಿಂದೆಯೇ ಸೇಬೊಮ್‌ಳದು. ಇಂಟರ್‌ಕಾಮಿನಲ್ಲಿ ಹದಿಮೂರನೇ ಮಹಡಿಯ ಅಜ್ಜಿ, ಹೊಗೆ ಹೋಗಲಿ ಬಿಡಿ, ಇಂಥ ವಿನಯದ ಹುಡುಗ ಎಲ್ಲಿ ಸಿಕ್ಕಿದ ಎಂದು ಕೇಳಿದರು.

ಮಾನ್‌ಸಿಕ್ ಅವರು ಧಡಕ್ಕನೆ ಎದ್ದು ಬಾಗಿಲ ಬಳಿ ಹೋಗಿ ಒಂದು ಬೂಟು ಹಾಕಿಕೊಂಡರು.

"ಎಲ್ಲಿಗೆ ಹೊರಟ್ರಿ?" ಯೊಂಗ್‌ರಾನ್ ಕೇಳಿದರು.

"ಆಫೀಸಿಗೆ. ನಾನು ಯಾವಾಗ ಒಪ್ಪಿದೆ? ಇವನು ನನ್ನ ಅಳಿಯ ಅಲ್ಲ ಅಂತ ಮೈಕಲ್ಲಿ ಹೇಳಿ ಬರ್ತೀನಿ."

"ಧಾರಾಳವಾಗಿ ಹೇಳಿ. ಹಾಗೇ, ಅಳಿಯ ಅಲ್ದೇ ಇರೋನು ನಮ್ಮನೆ ಬಾಲ್ಕನೀಲಿ ಯಾಕೆ ಮಾಂಸ ಸುಟ್ಟ ಅಂತ ಕೇಳ್ತಾರೆ. ಅದಕ್ಕೂ ಒಂದು ಉತ್ತರ ಯೋಚಿಸ್ಕೊಂಡು ಹೋಗಿ."

ಎರಡನೇ ಬೂಟು ಕೈಯಲ್ಲೇ ಉಳಿಯಿತು. ಹೊರಗೆ ಲಿಫ್ಟು ಬಂದು ನಿಂತ ಸದ್ದಾಯಿತು. ಮಾನ್‌ಸಿಕ್ ಅವರು ಬಾಗಿಲು ತೆರೆದರು. ಹೂವಿನ ಏಪ್ರನ್ ತೊಟ್ಟ ಇನ್‌ಹೋ ತಲೆ ತಗ್ಗಿಸಿ ನಿಂತಿದ್ದ. ಅವನ ಹಿಂದೆ ಎದುರು ಮನೆಯ ಬಾಗಿಲೂ ಅರ್ಧ ತೆರೆದಿತ್ತು. ಆ ಮನೆಯ ಗಂಡ ಹೆಂಡತಿ ಇಬ್ಬರೂ ನಗುನಗುತ್ತಾ ಇಣುಕುತ್ತಿದ್ದರು.

"ಬನ್ನಿ, ಬನ್ನಿ, ಅಳಿಯಂದಿರೇ," ಎಂದು ಮಾನ್‌ಸಿಕ್ ಅವರು ಆ ಮಹಡಿಗೆಲ್ಲ ಕೇಳುವಂತೆ ಹೇಳಿದರು.