ಚಿಕ್ಕಪ್ಪ ಮೀನು ಸಾಕಿದ್ದು

ನಮ್ಮ ಚಿಕ್ಕಪ್ಪ ಪಾಸು ಮಾಡಿದ ವಸ್ತು ಈ ಭೂಮಿಯ ಮೇಲೆ ಯಾವುದಾದರೂ ಇದೆಯೇ ಎಂದು ನೀವು ಕೇಳಿದರೆ ನಾನು ಸ್ವಲ್ಪ ಯೋಚಿಸಬೇಕಾಗುತ್ತದೆ. ಇದೆ, ಒಂದಿದೆ. ತುಮಕೂರು ರಸ್ತೆಯಲ್ಲಿ ಆಗ ತಾನೇ ಏಳುತ್ತಿದ್ದ ಮೆಟ್ರೋ ಕಂಬಗಳು! ಬಸ್ಸಿನ ಕಿಟಕಿಯಿಂದ ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಂದಕ್ಕೆ ಹಿಡಿದು ಅವನ್ನೆಲ್ಲ ಪರೀಕ್ಷಿಸಿ, "ಪರ್ವಾಗಿಲ್ಲ, ನೆಟ್ಟಗಿವೆ" ಎಂದು ಒಪ್ಪಿಗೆ ಕೊಟ್ಟಿದ್ದ. ಆಮೇಲೆ ತಾನೇ ಅವರು ಧೈರ್ಯವಾಗಿ ಮೇಲೆ ಹಳಿ ಹಾಕಿದ್ದು?

ಉಳಿದದ್ದೆಲ್ಲ ರಿಜೆಕ್ಟ್. ಪೀಣ್ಯದ ಸಣ್ಣದೊಂದು ಕಾರ್ಖಾನೆಯಲ್ಲಿ, ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು ನೋಡಿ ಸರಿಯಿಲ್ಲದ್ದನ್ನು ಕೆಂಪು ಡಬ್ಬಕ್ಕೆ ಎಸೆಯುವುದು ಅವನ ಕೆಲಸ. ಸಂಜೆ ಗೇಟು ದಾಟಿ ಬಂದರೂ ಆ ಕೆಂಪು ಡಬ್ಬ ಅವನ ತಲೆಯಿಂದ ಇಳಿಯುತ್ತಿರಲಿಲ್ಲ. ದರ್ಶಿನಿಯ ಇಡ್ಲಿ ರಿಜೆಕ್ಟ್, ಒಂದು ಕಡೆ ದಪ್ಪ. ಹೊಸ ಚಪ್ಪಲಿ ರಿಜೆಕ್ಟ್, ಎಡದ್ದು ಬಲದ್ದಕ್ಕಿಂತ ಉದ್ದ. ವಯಸ್ಸಿನಲ್ಲಿ ಒಮ್ಮೆ ಹೆಣ್ಣು ನೋಡಲು ಹೋಗಿದ್ದನಂತೆ. ವಾಪಸ್ ಬಂದವನನ್ನು ಅಜ್ಜಿ, "ಹುಡುಗಿ ಹೇಗಿದಾಳೋ?" ಎಂದು ಕೇಳಿದರೆ, "ಹುಡುಗಿ ನೋಡ್ಲಿಲ್ಲಮ್ಮ. ಬಾಗಿಲ ಚೌಕಟ್ಟೇ ಸೊಟ್ಟಗಿತ್ತು, ಅಲ್ಲಿಂದಲೇ ಬಂದ್ಬಿಟ್ಟೆ" ಎಂದನಂತೆ! ಹೀಗಾಗಿ ಮದುವೆ ಆಗಲಿಲ್ಲ. ಸೊಟ್ಟ ಚೌಕಟ್ಟಿನೊಳಗಿದ್ದ ಆ ಪುಣ್ಯವತಿ ಎಲ್ಲಿದ್ದಾಳೋ, ಚೆನ್ನಾಗಿದ್ದಾಳೆ ಎಂದು ನನಗೆ ಖಾತ್ರಿ.

ಅವನಿದ್ದದ್ದು ನಾಗಸಂದ್ರದ ಒಂದು ವಠಾರದಲ್ಲಿ. ಆಚೀಚೆ ಸಾಲು ಮನೆಗಳು, ನಡುವೆ ಅಂಗಳ, ಅಂಗಳದ ಕೊನೆಗೆ ಓನರ್ ಅಮ್ಮನ ಮನೆ. ಓನರ್ ಅಮ್ಮನ ಜೊತೆ ಅವನಿಗೆ ನೀರಿನ ಮೋಟರ್ ವಿಷಯಕ್ಕೆ ಜಗಳ. ಎದುರು ಮನೆಯ ಕೊಪ್ಪಳದ ಗಾರೆ ಮೇಸ್ತ್ರಿಯ ಜೊತೆ ಮೋಟರ್ ಬೈಕು ನಿಲ್ಲಿಸುವ ವಿಷಯಕ್ಕೆ ಜಗಳ. ಪಕ್ಕದ ಮನೆಯಲ್ಲಿ ಗಾರ್ಮೆಂಟ್ಸಿಗೆ ಹೋಗುವ ಒಬ್ಬ ಅಕ್ಕ ಇದ್ದಳು. ಅವಳ ಟೀವಿಯ ಸದ್ದಿನ ಜೊತೆ ಜಗಳ. ನಾನು ಅಲ್ಲೇ ಹತ್ತಿರದ ಶಾಲೆಯಲ್ಲಿ ಟೀಚರ್. ಭಾನುವಾರ ಅಮ್ಮ ಕಟ್ಟಿಕೊಟ್ಟ ಹುಳಿಯ ಡಬ್ಬಿ ಹಿಡಿದು ಹೋದರೆ, ಅಂಗಳ ದಾಟುವಷ್ಟರಲ್ಲಿ ಮೂರೂ ಮನೆಯವರು ನನ್ನ ಕೈಯಲ್ಲಿ ದೂರು ಕೊಟ್ಟು ಕಳಿಸುತ್ತಿದ್ದರು. ಸ್ಕೂಲಿನಲ್ಲೂ ನನಗೆ ಇಷ್ಟು ಕಂಪ್ಲೇಂಟ್ ಬರುತ್ತಿರಲಿಲ್ಲ!

ಇಂಥ ಮನುಷ್ಯನಿಗೆ ಬೀಪಿ ಬರದೆ ಇನ್ನೇನು ಬಂದೀತು? ಡಾಕ್ಟರು ಮಾತ್ರೆ ಬರೆದುಕೊಟ್ಟು, "ಸಾಯಂಕಾಲ ಮನಸ್ಸಿಗೆ ಹಿತವಾಗಿರೋದು ಏನಾದ್ರೂ ನೋಡ್ತಾ ಕೂತ್ಕೊಳ್ಳಿ. ಒಂದು ಅಕ್ವೇರಿಯಂ ಇಟ್ಕೊಳ್ಳಿ ಬೇಕಾದ್ರೆ" ಎಂದರು. ಅವರು ಮಾತಿಗೆ ಅಂದದ್ದು. ಚಿಕ್ಕಪ್ಪನಿಗೆ ಅದು ಮಾತ್ರೆಯಷ್ಟೇ ಕಡ್ಡಾಯ.

ಮೀನಿನ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದ. ಅಂಗಡಿಯವನು ಸಣ್ಣದೊಂದು ಗಾಜಿನ ತೊಟ್ಟಿ ತೋರಿಸಿದ. ಚಿಕ್ಕಪ್ಪ ಜೇಬಿನಿಂದ ಮೂಲೆಮಟ್ಟ ತೆಗೆದು ಅದರ ನಾಲ್ಕೂ ಮೂಲೆಗೆ ಹಿಡಿದ. ಎರಡನೆಯದಕ್ಕೂ ಹಿಡಿದ. ಅಂಗಡಿಯಲ್ಲಿದ್ದ ತೊಟ್ಟಿಗಳೆಲ್ಲ ಫೇಲಾದವು.

"ಸಾರ್, ಮೀನು ಮೂಲೆ ಅಳತೆ ನೋಡಲ್ಲ ಸಾರ್" ಎಂದ ಅಂಗಡಿಯವನು.

"ನಾನು ನೋಡ್ತೀನಲ್ರೀ!" ಎಂದ ಚಿಕ್ಕಪ್ಪ.

ಕಡೆಗೆ ಗಾಜು ಕತ್ತರಿಸಿ ತಂದು, ಅಂಟು ತಂದು, ತೊಟ್ಟಿಯನ್ನು ತಾನೇ ಮಾಡಿದ! ಮನೆ ತುಂಬ ಅಂಟಿನ ಹುಳಿವಾಸನೆ. ನಾನು ತಂದಿದ್ದ ಹುಳಿಗೇ ಅವತ್ತು ನಾಚಿಕೆಯಾಗಿರಬೇಕು. ತೊಟ್ಟಿ ಕೂರಿಸಿದ ಮೇಜು ಮಟ್ಟವಾಗಿದೆಯೋ ಇಲ್ಲವೋ ನೋಡಲು ಮೇಸ್ತ್ರಿಯ ಹತ್ತಿರವಿದ್ದ ರಸಮಟ್ಟ ಬೇಕಾಯಿತು. ಆದರೆ ಮಾತು ಬಿಟ್ಟಿದೆಯಲ್ಲ! ನಾನೇ ಹೋಗಿ ಕೇಳಿ ತಂದೆ. "ತಗೊಂಡ್ ಹೋಗ್ರಿ ಟೀಚರ. ಸಾಹೇಬ್ರ ತಲೀ ಮ್ಯಾಲೂ ಒಂದ್ಸಲ ಇಟ್ಟು ನೋಡ್ರಿ" ಎಂದ ಮೇಸ್ತ್ರಿ.

ತೊಟ್ಟಿಗೆ ಮರಳು ಬಿತ್ತು, ನಾಲ್ಕು ಗಿಡ ನೆಟ್ಟದ್ದಾಯಿತು, ಗುಳುಗುಳು ಎನ್ನುವ ಫಿಲ್ಟರ್ ಬಂತು, ನೀರು ತುಂಬಿತು. ಇನ್ನು ಮೀನು ತರುವುದೊಂದೇ ಬಾಕಿ. ಅಂಗಡಿಯವನು ಕೊಡಲಿಲ್ಲ. "ಕೆಲವು ವಾರ ಖಾಲಿ ನೀರು ಓಡ್ಲಿ ಸಾರ್. ಫಿಲ್ಟರಲ್ಲಿ ಒಳ್ಳೇ ಬ್ಯಾಕ್ಟೀರಿಯಾ ಬೆಳೀಬೇಕು. ಇಲ್ದಿದ್ರೆ ಮೀನಿನ ಗಲೀಜಿಗೆ ಮೀನೇ ಸಾಯುತ್ತೆ."

"ಅಂದ್ರೆ ದುಡ್ಡು ಕೊಟ್ಟು ಕ್ರಿಮಿ ಸಾಕ್ಬೇಕಾ?" ಎಂದು ಗುಡುಗಿದ ಚಿಕ್ಕಪ್ಪ. ಆದರೆ ಕಾದ. ಕೆಲಸ ಯಾವುದಾದರೂ ಪದ್ಧತಿ ಪದ್ಧತಿಯೇ.

ಮುಂದಿನ ಭಾನುವಾರ ನಾನು ಹೋದಾಗ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು, ಕೈಕಟ್ಟಿ ಕೂತಿದ್ದ.

"ಏನು ನೋಡ್ತಿದೀಯ ಚಿಕ್ಕಪ್ಪ?"

"ನೀರು."

"ನೀರಲ್ಲಿ ಏನಾಗ್ತಿದೆ?"

"ಹಣ್ಣಾಗ್ತಿದೆ ಕಣೇ, ಮಾತಾಡ್ಬೇಡ!"

ಬಾಗಿಲಲ್ಲಿ ಓನರ್ ಅಮ್ಮನ ತಲೆ ಕಾಣಿಸಿತು. ಖಾಲಿ ತೊಟ್ಟಿಯನ್ನು ನೋಡಿ ಮುಖ ಸಣ್ಣಗೆ ಮಾಡಿಕೊಂಡು, "ಮೀನೆಲ್ಲೋದ್ವು ಸಾಮಿ? ಸಾರು ಮಾಡ್ಕಂಡು ಉಂಡ್ಬಿಟ್ರಾ?" ಎಂದಳು. ಚಿಕ್ಕಪ್ಪ ಎದ್ದು ಬಾಗಿಲು ಮುಂದೆ ಮಾಡಿದ.

ಅಂತೂ ನೀರು ಹಣ್ಣಾಯಿತು. ಮೀನು ಆರಿಸುವ ದಿನ ಅಂಗಡಿಯ ಗತಿ ಹೇಳಬೇಕೇ? ಒಂದರ ಬಾಲ ಮೋಟು, ಇನ್ನೊಂದು ಓರೆಯಾಗಿ ಈಜುತ್ತದೆ, ಮತ್ತೊಂದಕ್ಕೆ ಅಹಂಕಾರ. ಬಲೆ ಹಿಡಿದ ಕೈ ಸೋತು ಅಂಗಡಿಯವನು ಕೇಳಿಯೇ ಬಿಟ್ಟ: "ಸಾರ್, ಮೀನು ತಗೋತಿದೀರೋ, ಹೆಣ್ಣು ನೋಡ್ತಿದೀರೋ?"

"ಹೆಣ್ಣು ನೋಡೋಕೆ ನಾನು ಇಷ್ಟು ಹೊತ್ತು ತಗೊಂಡಿರ್ಲಿಲ್ಲ" ಎಂದ ಚಿಕ್ಕಪ್ಪ. ಅದು ಸತ್ಯ ಎಂದು ನಾನೊಬ್ಬಳೇ ಬಲ್ಲೆ.

ಬಣ್ಣದ ಬಾಲದ ಗಪ್ಪಿಗಳು, ಕಪ್ಪು ಮೋಲಿಗಳು, ಅಂಚು ಚೂಪಾದ ಒಂದು ಬೆಳ್ಳಿ ಬಣ್ಣದ ಏಂಜಲ್ ಮೀನು ಬಂದವು. ಪ್ಲಾಸ್ಟಿಕ್ ಚೀಲವನ್ನು ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸಿಗೆ ಬರುವ ತನಕ ಕಾದು, ಆಮೇಲೆ ನಿಧಾನಕ್ಕೆ ಬಿಟ್ಟ. ಬಾಣಂತಿಗೆ ನೀರು ಹಾಕುವವರೂ ಅಷ್ಟು ನಾಜೂಕು ಮಾಡಲಾರರು.

ಕೆಲವು ದಿನಕ್ಕೆ ಗಪ್ಪಿ ಮರಿ ಹಾಕಿತು. ಚಿಕ್ಕಪ್ಪ ಶಾಲೆಗೇ ಫೋನು ಮಾಡಿ ಸುದ್ದಿ ಹೇಳಿದ. ಸಂಜೆ ಇನ್ನೊಂದು ಫೋನು ಬಂತು, ಧ್ವನಿ ಬಿದ್ದುಹೋಗಿತ್ತು: "ಲೇ, ತಾಯೇ ಮರೀನ ತಿಂತಿದಾಳೆ ಕಣೇ!" ಗಪ್ಪಿಗಳ ಪದ್ಧತಿಯೇ ಹಾಗೆ ಎಂದು ನಾನು ಎಷ್ಟು ಸಮಾಧಾನ ಹೇಳಿದರೂ ಕೇಳಲಿಲ್ಲ. ಆ ತಾಯಿಯ ಜೊತೆ ಒಂದು ವಾರ ಮಾತು ಬಿಟ್ಟ. ವಠಾರದಲ್ಲಿ ಅವನು ಮಾತು ಬಿಟ್ಟವರ ಸಾಲಿಗೆ ಒಂದು ಮೀನೂ ಸೇರಿತು!

ಇಷ್ಟಾದರೂ ವಠಾರದವರಿಗೆ ಆ ಬಾಗಿಲು ತೆರೆಯಲಿಲ್ಲ. ಗಾರ್ಮೆಂಟ್ಸ್ ಅಕ್ಕ ಒಮ್ಮೆ ಆಸೆಯಿಂದ ಇಣುಕಿದ್ದಕ್ಕೆ, "ಜನ ನೋಡಿದ್ರೆ ಮೀನಿಗೆ ಗಾಬರಿ ಆಗುತ್ತೆ" ಎಂದು ಕಳಿಸಿದನಂತೆ. ಅವನೊಬ್ಬ ಜನ ಅಲ್ಲವೇ ಎಂದು ಅವಳು ನನ್ನನ್ನು ಕೇಳಿದಳು. ನನಗೇನು ಗೊತ್ತು?

ಒಂದು ಭಾನುವಾರ ನಾವಿಬ್ಬರೂ ಊಟ ಮಾಡಿ ಕೂತಿದ್ದೆವು. ಮೇಜಿನ ಕೆಳಗೆ ನೀರು ಕಂಡಿತು.

"ಚಿಕ್ಕಪ್ಪ, ತೊಟ್ಟಿ ಸೋರ್ತಿದೆ."

"ನಾನು ಮಾಡಿದ್ದು ಸೋರಲ್ಲ. ಗಾಜು ಬೆವರಿದೆ ಅಷ್ಟೆ."

ಗಾಜು ಧಾರಾಕಾರವಾಗಿ ಬೆವರತೊಡಗಿತು! ಅವನು ಎದ್ದು ಮೂಲೆಯನ್ನು ಅಂಗೈಯಿಂದ ಒತ್ತಿ ಹಿಡಿಯುವಷ್ಟರಲ್ಲಿ ಅಂಟು ಮೇಲಿಂದ ಕೆಳಗಿನವರೆಗೂ ಬಿಟ್ಟುಕೊಂಡಿತು. ನೀರು, ಮರಳು, ಗಿಡ, ಮೀನು ಎಲ್ಲ ಒಟ್ಟಿಗೆ ನೆಲಕ್ಕೆ ಬಂದವು. ಚಿಕ್ಕಪ್ಪ ನಿಂತಲ್ಲೇ ನಿಂತ. ಕೈ ಇನ್ನೂ ಇಲ್ಲದ ಗಾಜನ್ನು ಒತ್ತುತ್ತಿತ್ತು. ಕಾಲಬುಡದಲ್ಲಿ ಮೀನುಗಳು ಪಟಪಟನೆ ಬಡಿದುಕೊಳ್ಳುತ್ತಿದ್ದವು.

ನಾನು ಅಂಗಳಕ್ಕೆ ಓಡಿ ಕೂಗಿದೆ. ಯಾರಾದರೂ ಬರುತ್ತಾರೆ ಎನ್ನುವ ನಂಬಿಕೆ ನನಗಿರಲಿಲ್ಲ, ನಿಜ ಹೇಳುತ್ತೇನೆ. ಆದರೆ ಮೊದಲು ಬಂದವನು ಮೇಸ್ತ್ರಿ, ಕೈಯಲ್ಲಿ ಕೊಡ.

"ಸಿಮೆಂಟ್ ಕಲಸೋ ಕೊಡ ಅಲ್ಲ ತಾನೇ?" ಎಂದು ಚಿಕ್ಕಪ್ಪನ ಬಾಯಿಂದ ಮೊದಲ ಮಾತು ಹೊರಟಿತು.

"ಕುಡಿಯೋ ನೀರಿಂದ್ರೀ ಸಾಹೇಬ್ರ! ಮೊದಲ ಮೀನ ಹಿಡೀರಿ, ಬೈಯೋದು ಆಮ್ಯಾಲ ಬೈರಿ!"

ಗಾರ್ಮೆಂಟ್ಸ್ ಅಕ್ಕ ದುಪಟ್ಟಾವನ್ನೇ ಬಲೆ ಮಾಡಿ ಬಾಗಿಲ ಬಳಿ ಒಡ್ಡಿ ಕೂತಳು. ನೀರಿನ ಜೊತೆ ಹೊಸಿಲು ದಾಟಿ ಹೊರಟಿದ್ದ ಗಪ್ಪಿಗಳು ಅವಳಿಗೆ ಸಿಕ್ಕವು. ಓನರ್ ಅಮ್ಮ ಟೀ ಸೋಸುವ ಜರಡಿಯನ್ನೂ, ಹಬ್ಬಕ್ಕೆ ಮಾತ್ರ ಅಟ್ಟದಿಂದ ಇಳಿಯುವ ಸ್ಟೀಲಿನ ದೊಡ್ಡ ಪಾತ್ರೆಯನ್ನೂ ತಂದು, ಸೀರೆ ಎತ್ತಿಕಟ್ಟಿ ಮಂಚದ ಕೆಳಗೆ ತೂರಿದಳು. "ಬಾರವ್ವ, ಬಾರೆ ನನ್ ಕರಿಯವ್ವ, ಏನೂ ಮಾಡಾಕಿಲ್ಲ ಬಾ" ಎಂದು ಮೋಲಿಯನ್ನು ಕರೆಯುವುದು ಒಳಗಿನಿಂದ ಕೇಳಿಸುತ್ತಿತ್ತು. ಚಿಕ್ಕಪ್ಪನೂ ಮೊಣಕಾಲೂರಿ ಅವಳ ಪಕ್ಕದಲ್ಲೇ ತೂರಿದ. ನೀರಿನ ಮೋಟರಿಗಾಗಿ ವರ್ಷಗಟ್ಟಲೆ ಕಾದಾಡಿದ ಎರಡು ಜೊತೆ ಕಾಲುಗಳು ಒಂದೇ ಮಂಚದ ಕೆಳಗಿಂದ ಹೊರಗೆ ಚಾಚಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡೆ!

ಏಂಜಲ್ ಮೀನು ಮಾತ್ರ ಉಳಿಯಲಿಲ್ಲ. ಗೋಡೆಯ ಅಂಚಿನಲ್ಲಿ ಸಿಕ್ಕಿತು. ಚಿಕ್ಕಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತ. "ಅಂಟು ಹಚ್ಚೋಕೆ ಮುಂಚೆ ಗಾಜು ಸರಿಯಾಗಿ ಒರೆಸಿರ್ಲಿಲ್ಲ ನಾನು" ಎಂದ. ಓನರ್ ಅಮ್ಮ ಅದನ್ನು ಈಸಿಕೊಂಡು ಅಂಗಳದ ಕರಿಬೇವಿನ ಬುಡದಲ್ಲಿ ಮಣ್ಣು ಮಾಡಿದಳು.

ಉಳಿದವು ಯಾರ ಪಾತ್ರೆಯಲ್ಲಿದ್ದವೋ ಅವರ ಮನೆಗೇ ಹೋದವು. ಮೋಲಿಗಳು ಓನರ್ ಅಮ್ಮನಲ್ಲಿ, ಗಪ್ಪಿಗಳು ಮೇಸ್ತ್ರಿ ಮತ್ತು ಅಕ್ಕನ ಮನೆಗಳಲ್ಲಿ. ಚಿಕ್ಕಪ್ಪ ಮರುದಿನ ಸಂಜೆಯಿಂದಲೇ ತಪಾಸಣೆಗೆ ಹೊರಟ. ಇಷ್ಟು ಅನ್ನ ಹಾಕಬಾರದು, ಬಿಸಿಲಿಗೆ ಇಡಬಾರದು, ನೀರು ಪೂರ್ತಿ ಬದಲಾಯಿಸಬಾರದು! ಮೇಸ್ತ್ರಿಯ ಹೆಂಡತಿ ಎಲ್ಲವನ್ನೂ ಕೇಳಿ, "ಹೌದ್ರೀ ಸಾಹೇಬ್ರ, ಮೊದಲ ರೊಟ್ಟಿ ತಿನ್ರಿ" ಎಂದು ತಟ್ಟೆ ಮುಂದಿಟ್ಟಳಂತೆ. ಸಾಹೇಬರು ತಿಂದರಂತೆ. ಅಕ್ಕನ ಮನೆಯಲ್ಲಿ ಟೀವಿಯ ಸ್ಟ್ಯಾಂಡು ಅಲ್ಲಾಡುತ್ತಿತ್ತು, ರಿಪೇರಿ ಮಾಡಿಕೊಟ್ಟು, ಧಾರಾವಾಹಿಯನ್ನೂ ನೋಡಿಯೇ ಎದ್ದನಂತೆ. ಇದನ್ನೆಲ್ಲ ಅಂಗಳದಲ್ಲಿ ಅವರೇ ನನಗೆ ಹೇಳಿದರು. ದೂರು ಹೇಳಲು ಮರೆತೇಬಿಟ್ಟಿದ್ದರು.

ಸಂಬಳವಾದ ಮೇಲೆ ಚಿಕ್ಕಪ್ಪ ಹೊಸ ತೊಟ್ಟಿ ತಂದ, ಅಂಗಡಿಯದ್ದು. ವಾರಗಳು ಕಳೆದವು. ನಾನು ಹೋದಾಗಲೆಲ್ಲ ಅದು ದೀಪ ಹಾಕಿಕೊಂಡು, ಗಿಡ ನೆಟ್ಟುಕೊಂಡು ಖಾಲಿಯೇ ಇರುತ್ತಿತ್ತು.

"ಚಿಕ್ಕಪ್ಪ, ಇನ್ನಾದ್ರೂ ಮೀನು ವಾಪಸ್ ತಂದು ಬಿಡಬಾರ್ದಾ?" ಎಂದೆ.

ಅವನು ಫಿಲ್ಟರಿನ ವೈರು ಸರಿಮಾಡಿದ, ಇಲ್ಲದ ಧೂಳನ್ನು ಗಾಜಿನಿಂದ ಒರೆಸಿದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ:

"ತಂದ್ಬಿಟ್ರೆ ಸಾಯಂಕಾಲ ನಾನೆಲ್ಲಿಗೆ ಹೋಗ್ಲೇ?"

ಅಷ್ಟರಲ್ಲಿ ಅಂಗಳದ ಆ ತುದಿಯಿಂದ ಓನರ್ ಅಮ್ಮನ ಗಂಟಲು ಕೇಳಿಸಿತು: "ಸಾಮೀ, ಕಾಪಿ ಆರೋಯ್ತದೆ, ಬರಾಕಿಲ್ವಾ?"

"ಬಂದೆ, ಬಂದೆ" ಎನ್ನುತ್ತ ಚಿಕ್ಕಪ್ಪ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡ. ಅವನು ಒಬ್ಬರ ಮನೆಗೆ ಹೋಗಲು ತಲೆ ಬಾಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.