ಗೂಟದ ಹಿಂದೆ ನಿಂತವರು

ಲಕ್ಷ್ಮಮ್ಮತ್ತೆ ನಿಂತಿದ್ದದ್ದು ಸಾಲಿನ ತುದಿಯ ಬಿಳಿ ಗೂಟದಿಂದ ಒಂದು ಮೊಳ ಹಿಂದೆ. ಕೈಯಲ್ಲಿ ಏನೂ ಇರಲಿಲ್ಲ, ಬಾಯಿ ಬಿಡಲೂ ಇಲ್ಲ. ಆದರೂ ಅವರ ಗಂಡ ಮುನಿಯಪ್ಪನವರ ಎತ್ತುಗಳು ಹೊಲದ ಆ ಕೊನೆಯಿಂದ ನೇಗಿಲೆಳೆದುಕೊಂಡು ಸೀದಾ ಅವರತ್ತಲೇ ಬಂದವು. ಸಾಲು ದಾರ ಹಿಡಿದು ಗೆರೆ ಎಳೆದಂತೆ ಬಿತ್ತು.

ಬೇರೆಯವರ ತಪ್ಪು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದನ್ನು ಹೋಗಿ ಹೇಳುವುದಕ್ಕೆ ಮಾತ್ರ ವಿದ್ಯಾಭ್ಯಾಸ ಬೇಕು. ನಾನು ಹೆಚ್ಚು ಮಾತಾಡುವವಳಲ್ಲ. ಬಸ್ಸಿನಲ್ಲಿ ನನ್ನ ಕಾಲು ತುಳಿದವರಿಗೂ ನಾನೇ ಸಾರಿ ಹೇಳುತ್ತೇನೆ. ಆದರೆ ನಿಯಮವೊಂದು ಮುರಿದದ್ದು ಕಂಡರೆ ಗಂಟಲು ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಯಲಹಂಕದಾಚೆ ಲೇಔಟುಗಳ ನಡುವೆ ಉಳಿದಿರುವ ಒಂದು ಹೊಲದಲ್ಲಿ ನಮ್ಮೂರವರು ವರ್ಷಕ್ಕೊಮ್ಮೆ ಉಳುಮೆ ಪಂದ್ಯ ನಡೆಸುತ್ತಾರೆ. ಹೊಟ್ಟೆಪಾಡಿಗೆ ಉಳುವವರು ಅದರಲ್ಲಿ ಯಾರೂ ಇಲ್ಲ. ಅಪ್ಪ ಯಶವಂತಪುರದ ಬ್ಯಾಂಕೊಂದರಲ್ಲಿ ಕ್ಯಾಷಿಯರ್, ಮುನಿಯಪ್ಪನವರದು ಹಾರ್ಡ್‌ವೇರ್ ಅಂಗಡಿ. ನೇರ ಸಾಲು ಹೊಡೆದವರಿಗೆ ಕಪ್. ಪ್ರತಿವರ್ಷ ಮುನಿಯಪ್ಪನವರು ಮೊದಲು, ಅಪ್ಪ ಎರಡನೆಯವರು. ಈ ಸಲ ಗೆದ್ದೇ ಗೆಲ್ಲುತ್ತೇನೆಂದು ಅಪ್ಪ ಶೋಕೇಸಿನಲ್ಲಿದ್ದ ನನ್ನ ಪದವಿ ಪ್ರದಾನದ ಫೋಟೋ ತೆಗೆದು ಜಾಗ ಮಾಡಿಟ್ಟಿದ್ದರು.

ಎತ್ತನ್ನು ಮುಂದಿನಿಂದ ಯಾರೂ ಕರೆಯಬಾರದು, ಆಮಿಷ ತೋರಿಸಬಾರದು ಎಂಬುದು ಪಂದ್ಯದ ನಿಯಮ. ತೀರ್ಪುಗಾರ ತಿಮ್ಮರಾಯಪ್ಪ ತಾತನ ಹತ್ತಿರ ಹೋಗಿ ದೂರಿದೆ.

“ಅವ್ಳೇನ್ ಕರದ್ಲಾ?”

“ಇಲ್ಲ ತಾತ. ಆದ್ರೆ ದಿನಾ ಬೂಸಾ ಹಾಕೋರು ಎದುರಿಗೆ ನಿಂತ್ರೆ ಕರೆದ ಹಾಗೇ ಅಲ್ವಾ? ಅವರೇ ಆಮಿಷ.”

ತಾತ ಗಡ್ಡ ಕೆರೆದುಕೊಂಡರು. “ಅದೂ ದಿಟವೇ ಕಣವ್ವ.”

ಮುನಿಯಪ್ಪನವರು ನೊಗ ಇಳಿಸಿ ನಕ್ಕುಬಿಟ್ಟರು. “ಬುಡವ್ವ, ಓದಿರೋ ಮಗ್ಳು ಯೋಳಿದ್ ಮ್ಯಾಲೆ ಮುಗೀತು. ನಿಮ್ಮಪ್ಪಂಗೇ ಕಪ್ಪು.” ಕ್ರೀಡಾಮನೋಭಾವವೆಂದರೆ ಇದು ಎಂದು ಮನಸ್ಸಿನಲ್ಲೇ ಅವರಿಗೆ ಅಂಕ ಕೊಟ್ಟೆ.

ಲಕ್ಷ್ಮಮ್ಮತ್ತೆಗೆ ಆ ಮನೋಭಾವವಿರಲಿಲ್ಲ. “ಅದ್ಸರಿ, ನಿಮ್ಮನೆ ಎತ್ಗೊಳ್ಗೆ ದಿನಾ ಬೂಸಾ ಆಕೋರ್ ಯಾರು?”

“ನಾನೇ,” ಎಂದೆ. ಪ್ರಶ್ನೆಗೆ ನಿಖರವಾಗಿ ಉತ್ತರಿಸುವುದು ನನ್ನ ಅಭ್ಯಾಸ.

“ನಿಮ್ಮಪ್ಪ ಉಳೋವಾಗ ನೀನೆಲ್ ನಿಂತಿದ್ದೆ ತಾಯಿ?”

ಅದೇ ಗೂಟದ ಹಿಂದೆ. “ಅಲ್ಲಿಂದ ಫೋಟೋ ಚೆನ್ನಾಗಿ ಬರುತ್ತೆ ಪುಟ್ಟಿ,” ಎಂದು ಅಪ್ಪನೇ ನಿಲ್ಲಿಸಿದ್ದರು. ಮದುವೆಮನೆಯಲ್ಲೂ ಫೋಟೋಗೆ ಕರೆದರೆ ತಪ್ಪಿಸಿಕೊಂಡು ಊಟಕ್ಕೆ ಓಡುವ ಅಪ್ಪ! ತಿರುಗಿ ನೋಡಿದೆ. ಅವರು ನೇಗಿಲ ಗುಳವನ್ನು ಬಹಳ ಭಕ್ತಿಯಿಂದ ಪರೀಕ್ಷಿಸುತ್ತಿದ್ದರು.

ಇಬ್ಬರೂ ಔಟ್. ಕಪ್ ಸಂಜಯನಗರದ ದಂತವೈದ್ಯರೊಬ್ಬರ ಪಾಲಾಯಿತು. ಅವರ ಸಾಲು ಹೆಬ್ಬಾಳದ ಫ್ಲೈಓವರಿನಂತೆ ಎಲ್ಲಿಗೋ ಹೊರಟು ಇನ್ನೆಲ್ಲೋ ಇಳಿದಿತ್ತು. ಆದರೆ ಅವರದು ಬಾಡಿಗೆ ಎತ್ತುಗಳು. ಅಲ್ಲಿದ್ದ ಯಾರ ಗುರುತೂ ಅವಕ್ಕಿರಲಿಲ್ಲ.

“ಸ್ವಂತ ಅಪ್ಪನ್ನೇ ಬುಡದೋಳು! ಮುಂದಿನ್ ವರ್ಸ ಹೊಲದ್ ಪಕ್ಕದ್ ಬದುನ್ ಮ್ಯಾಲೆ ನಿಂತು ತಪ್ಪು ಇಡಿಯಕ್ಕೆ ಇವ್ಳೇ ಸರಿ,” ಎಂದು ತಾತ ಎಲ್ಲರೆದುರು ಘೋಷಿಸಿದರು. ಮನೆಗೆ ಬರುವ ದಾರಿಯಲ್ಲಿ ಅಪ್ಪ ಆಡಿದ್ದು ಎರಡೇ ಮಾತು: “ನಿನ್ನ ಓದ್ಸಿದ್ದು ಸಾರ್ಥಕ ಆಯ್ತು ಕಣಮ್ಮ. ನಾಳೆಯಿಂದ ಎತ್ತಿಗೆ ಬೂಸಾ ನಾನೇ ಹಾಕ್ತೀನಿ.”

ಮರುದಿನ ಬೆಳಿಗ್ಗೆ ಅಪ್ಪ ಬಕೆಟ್ ಹಿಡಿದು ನಮ್ಮ ಕೊಟ್ಟಿಗೆಗೆ ಹೋದರು. ಲಕ್ಷ್ಮಮ್ಮತ್ತೆ ಡೈರಿಗೆ ಹಾಲು ಹಾಕಲು ಹೊರಟದ್ದನ್ನು ನೋಡಿಕೊಂಡು ನಾನು ಮುನಿಯಪ್ಪನವರ ಕೊಟ್ಟಿಗೆಗೆ ಹೋಗಿ ಅವರ ಎರಡೂ ಎತ್ತುಗಳ ಕೊರಳಡಿ ಜೋಲುವ ಗಂಗೆದೊಗಲು ನೀವಿ, ಒಂದೊಂದು ಬಾಳೆಹಣ್ಣು ತಿನ್ನಿಸಿ ಬಂದೆ. ಮುಂದಿನ ವರ್ಷ ಅವು ಉಳುವಾಗ ನಾನು ಪಕ್ಕದ ಬದುವಿನ ಮೇಲೆ ನಿಂತಿರುತ್ತೇನೆ. ನಿಯಮದಲ್ಲಿ ಬಾಳೆಹಣ್ಣಿನ ಬಗ್ಗೆ ಏನೂ ಇಲ್ಲ.