ನಾನು ಆರಿಸಿದ ಬೆಂಡ್ ಪೈಪು

ಪದಾರ್ಥ ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ನಂಜನಗೂಡಿನಲ್ಲಿ ಹುಟ್ಟಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಸಂತೆಯಲ್ಲಿ ನಾನು ಬದನೆಕಾಯಿಗೆ ಕೈಯಿಟ್ಟರೆ ಮಾರುವಾಕೆ ತಕ್ಕಡಿ ಕೆಳಗಿಟ್ಟು ಎಲೆ ಅಡಿಕೆ ಹಾಕಿಕೊಳ್ಳಲು ಶುರುಮಾಡುತ್ತಾಳೆ. ಇಂಥ ನನ್ನ ಸ್ಕೂಟರಿನ ಬೆಂಡ್ ಪೈಪು ತುಕ್ಕು ಹಿಡಿದು ತೂತಾಯಿತು. ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬಗ್ಗಿದ ಕೊಳವೆ ಅದು. ಹೊಸದೊಂದನ್ನು ಆರಿಸುವುದು ನನಗೆ ಯಾವ ಲೆಕ್ಕ!

ಅದೇ ಹೊತ್ತಿಗೆ ನರಸೀಪುರದಲ್ಲಿ ನನ್ನ ಹೆಂಡತಿ ಗಿರಿಜೆಯ ಅಣ್ಣ ಹಾಸಿಗೆ ಹಿಡಿದಿದ್ದರು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿಬಿಟ್ಟಿದ್ದರು. ಅವಳನ್ನು ಸಾಕಿ, ಓದಿಸಿ, ಮದುವೆ ಮಾಡಿದವರು ಅವರೇ. ಶನಿವಾರ ಬೆಳಿಗ್ಗೆ ಎದ್ದವಳೇ, ಬಸ್ಸಿನಲ್ಲಿ ಹೋಗಿ ಅಣ್ಣನನ್ನು ನೋಡಿಕೊಂಡು ಬರೋಣ ಎಂದಳು. ಬಸ್ಸು ಊರೂರಿಗೂ ನಿಲ್ಲುತ್ತದೆ, ಪೈಪು ಹಾಕಿಸಿಬಿಟ್ಟರೆ ಗಾಡಿಯಲ್ಲೇ ಜುಮ್ಮೆಂದು ಹೋಗಬಹುದು ಎಂದೆ. ಅವಳು ನಂಬಿದಳು. ಮದುವೆಯಾದಾಗಿನಿಂದ ಅವಳಿಗಿರುವ ಒಂದೇ ಕೆಟ್ಟ ಚಟ ಅದು.

ಬಿಡಿಭಾಗದ ಅಂಗಡಿಯವನು ಗಾಡಿಯ ಹೆಸರು ಕೇಳಿದ ಕೂಡಲೇ ಒಂದು ಕಪ್ಪು ಪೈಪನ್ನು ತಂದಿಟ್ಟ. ನಿಮ್ಮ ಗಾಡಿಗೆ ಬರುವುದು ಇದೊಂದೇ ಎಂದ. ಕೇಳಿದ ಕೂಡಲೇ ಕೊಟ್ಟುಬಿಟ್ಟರೆ ಆರಿಸುವುದೆಲ್ಲಿಂದ ಬಂತು? ಮೊದಲು ಮುಂದಿಡುವುದು ಯಾವತ್ತೂ ಖರ್ಚಾಗದ ಮಾಲು ಎಂಬುದು ನನ್ನ ಸಿದ್ಧಾಂತ. ಒಳಗಿದ್ದ ಪೈಪುಗಳನ್ನೆಲ್ಲ ಹೊರಗೆ ತೆಗೆಸಿದೆ. ಕೈಯಲ್ಲಿ ತೂಗಿದೆ, ತೆಂಗಿನಕಾಯಿ ತಟ್ಟುವ ಹಾಗೆ ತಟ್ಟಿದೆ, ಒಂದು ತುದಿಗೆ ಕಣ್ಣಿಟ್ಟು ಇನ್ನೊಂದು ತುದಿಯ ಬೆಳಕು ಕಾಣುತ್ತದೆಯೇ ಎಂದು ಪರೀಕ್ಷಿಸಿದೆ. ಬಗ್ಗಿದ ಕೊಳವೆಯಲ್ಲಿ ಬೆಳಕು ಕಾಣುವುದಿಲ್ಲವಂತೆ. ಪಕ್ಕದ ಅಂಗಡಿಗೆ ಹೋದೆ, ಮತ್ತೆ ಬಂದೆ. ಗಿರಿಜೆ ಫೋನು ಮಾಡಿದಾಗೆಲ್ಲ ಇನ್ನೇನು ಆಯಿತು ಎಂದೆ. ಅಂಗಡಿಯವನು ಷಟರಿಗೆ ಕೈ ಹಾಕುವ ಹೊತ್ತಿಗೆ, ಮೂಲೆಯಲ್ಲಿ ಥಳಥಳಿಸುತ್ತಿದ್ದ ಒಂದು ಪೈಪನ್ನು ಆರಿಸಿದೆ. ಅದು ಬೇರೆ ಗಾಡಿಯದು, ಬೇಡ ಎಂದ. ಬೇಡ ಎಂದದ್ದರಿಂದಲೇ ಅದು ಒಳ್ಳೆಯ ಮಾಲೆಂದು ನನಗೆ ಖಾತ್ರಿಯಾಯಿತು.

ಭಾನುವಾರ ಮೆಕ್ಯಾನಿಕ್ ನಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕೂರಲ್ಲ ಸಾ. ಆದ್ರೂ ಕೂರುಸ್ತೀನಿ ಬುಡಿ" ಎಂದ. ಅವನೂ ನನ್ನಂಥವನೇ. ಕಾಯಿಸಿದ, ಬಡಿದ, ಕೊನೆಗೆ ತಂತಿ ಸುತ್ತತೊಡಗಿದ. ಆಗ ಫೋನು ಬಂತು. ಭಾವ ಹೋಗಿಬಿಟ್ಟರು. ಬೇಸಿಗೆ, ಇಡೋದಕ್ಕಾಗಲ್ಲ, ಹೊತ್ತು ಮುಳುಗುವುದರೊಳಗೆ ಮಣ್ಣು ಎಂದರು.

ಗಿರಿಜೆ ಗ್ಯಾರೇಜಿಗೇ ಬಂದಳು. ಕಣ್ಣು ಕೆಂಪಗಾಗಿದ್ದವು. "ಜೀವ ಇದ್ದಾಗಂತೂ ನೋಡ್ಲಿಲ್ಲ. ಮುಖ ಆದ್ರೂ ನೋಡ್ತೀನಿ. ಬಸ್ಸಿಗೆ ಹೋಗೋಣ ನಡೀರಿ" ಎಂದಳು.

"ಇನ್ನೊಂದೇ ಬೋಲ್ಟು ಕಣೇ" ಎಂದೆ.

ಗಾಡಿ ಸ್ಟಾರ್ಟ್ ಆದಾಗ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದವರೆಲ್ಲ ಎದ್ದು ನಿಂತರು. ಗೌರವದಿಂದಲ್ಲ, ಗಾಬರಿಯಿಂದ. ಹಿಂದೆ ಕೂತ ಗಿರಿಜೆ ದಾರಿಯುದ್ದಕ್ಕೂ ಅಳುತ್ತಿದ್ದಳಂತೆ. ಆ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ. ಜೇಬಿನಲ್ಲಿದ್ದ ಫೋನೂ ಕೇಳಿಸಲಿಲ್ಲ.

ಅರ್ಧ ದಾರಿಯಲ್ಲಿ ಪೈಪು ಕಳಚಿ ಬಿತ್ತು. ಬಿದ್ದರೆ ಬೀಳಲಿ, ಸದ್ದು ಮಾಡಿಕೊಂಡೇ ಹೋಗೋಣ ಎಂದಳು ಗಿರಿಜೆ. ಒಂದು ದಿನವೆಲ್ಲ ಕೂತು ಆರಿಸಿದ ಪದಾರ್ಥವನ್ನು ರಸ್ತೆಗೆ ಬಿಟ್ಟು ಹೋಗುವುದೇ? ಹಿಂದಕ್ಕೆ ಓಡಿದೆ. ಎರಡೂ ಕೈಯಲ್ಲಿ ಪ್ರೀತಿಯಿಂದ ಎತ್ತಿಕೊಂಡೆ. ಎಂಜಿನ್ನಿನ ಪೈಪು ಕಾದಿರುತ್ತದೆ ಎಂಬುದು ಅಂಗೈಗೆ ಗೊತ್ತಾದ ಮೇಲೆ ನನಗೆ ಗೊತ್ತಾಯಿತು! ರಸ್ತೆ ಮಧ್ಯೆ ನಾನು ಕುಣಿಯುತ್ತಿರುವಾಗಲೇ ನರಸೀಪುರದ ಬಸ್ಸು ಬಂತು. ಗಿರಿಜೆ ಕೈ ಅಡ್ಡ ಹಾಕಿದಳು. ಬಸ್ಸು ನಿಂತಿತು.

"ರೀ, ನಾನು ಹತ್ತಿಬಿಡ್ಲಾ?" ಎಂದು ಅಲ್ಲಿಂದಲೇ ಕೇಳಿದಳು.

"ಬೇಡ, ಬೇಡ. ಇನ್ನೇನು ಹೊರಟೇಬಿಟ್ವಲ್ಲ" ಎಂದೆ.

ಡ್ರೈವರು ಸ್ವಲ್ಪ ಹೊತ್ತು ನೋಡಿದ, ಹಾರನ್ ಹೊಡೆದ, ಹೋದ. ನಾನು ಹೆಗಲ ಮೇಲಿನ ಟವಲಿನಲ್ಲಿ ಪೈಪು ಹಿಡಿದು, ಟವಲು ಹೊಗೆಯಾಡುತ್ತಿರುವಂತೆಯೇ ತಂತಿ ಬಿಗಿದೆ.

ಭಾವನ ತೋಟ ತಲುಪಿದಾಗ ಜನ ಪಂಪ್‌ಸೆಟ್ಟಿನ ಹತ್ತಿರ ಕೈಕಾಲು ತೊಳೆಯುತ್ತಿದ್ದರು. ಒಬ್ಬ ಗುದ್ದಲಿ ತೊಳೆಯುತ್ತಿದ್ದ. ಗಿರಿಜೆ ಗಾಡಿ ನಿಲ್ಲುವ ಮೊದಲೇ ಇಳಿದು ಓಡಿದಳು. ಅವಳ ಚಿಕ್ಕಪ್ಪ ನನ್ನ ಹತ್ತಿರ ಬಂದರು.

"ತಂಗಿ ಬರ್ಲಿ ಅಂತ ಕಾದೊ. ಫೋನ್ ಮಾಡುದ್ರೆ ಎತ್ನಿಲ್ವಲ್ಲ ನೀವು. ದೂರದಲ್ಲಿ ಸದ್ದೇನೋ ಕೇಳ್ತಿತ್ತು, ಯಾರ್ದೋ ಟ್ರ್ಯಾಕ್ಟ್ರು ಅನ್ಕಂಡೊ. ಒತ್ತು ಮುಳುಗ್ತದೆ ಅಂತ ಮಣ್ಣು ಎಳ್ದುಬುಟ್ಟೊ" ಎಂದರು.

ಗಿರಿಜೆ ಹಸಿ ಮಣ್ಣಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು, ಅವಳ ಬೈಗುಳ ತಿಂದೇ ಇಷ್ಟು ವರ್ಷ ಬಾಳಿದವನು ನಾನು. ನನಗೆ ನಿಜಕ್ಕೂ ಭಯವಾಯಿತು.

ಅವಳು ಅಣ್ಣನ ಮನೆಯಲ್ಲೇ ಉಳಿದಳು. ನಾನು ಊರಿಗೆ ಬಂದು, ಮಾರನೆಯ ದಿನ ಅದೇ ಅಂಗಡಿಗೆ ಹೋಗಿ, ಮೊದಲು ತೋರಿಸಿದ್ದ ಕಪ್ಪು ಪೈಪನ್ನು ಮುಟ್ಟಿಯೂ ನೋಡದೆ ಕೊಂಡೆ. ಪಟ್ಟಿ ಕಟ್ಟಿದ ಕೈಯಲ್ಲಿ ಮುಟ್ಟುವುದಾದರೂ ಹೇಗೆ? ನಾಗ ಒಂದು ಟೀ ಕುಡಿಯುವಷ್ಟರಲ್ಲಿ ಕೂರಿಸಿದ. ಸದ್ದೇ ಇಲ್ಲ.

ಮಣ್ಣು ಮಾಡಿದ ಜಾಗಕ್ಕೆ ಹಾಲುತುಪ್ಪ ಬಿಡುವ ದಿನ ಶಾಸ್ತ್ರ ಮುಗಿದ ಮೇಲೆ ಅವಳನ್ನು ಕರೆದುಕೊಂಡು ಬರಲೆಂದು ಗಾಡಿಯನ್ನು ಬಾಗಿಲಿಗೇ ನಿಲ್ಲಿಸಿದೆ. ಗಾಡಿ ಈಗ ಸರಿಯಾಗಿದೆ ಎಂದೆ. ಗಿರಿಜೆ ಚೀಲ ಹಿಡಿದುಕೊಂಡು, ಗಾಡಿಯ ಪಕ್ಕದಿಂದಲೇ ನಡೆದು ಬಸ್ ಸ್ಟ್ಯಾಂಡಿನ ಕಡೆ ಹೊರಟಳು. ನಾನು ಗಾಡಿ ತಳ್ಳಿಕೊಂಡು ಹಿಂದೆ ಹೋದೆ. ಸ್ಟ್ಯಾಂಡಿನಲ್ಲಿ ನಾಲ್ಕಾರು ಬಸ್ಸು ನಿಂತಿದ್ದವು. ಎದುರಿಗಿದ್ದುದನ್ನು ಹತ್ತಿ, ಕಿಟಕಿಯ ಪಕ್ಕ ಕೂತು, ಮೊದಲ ಬಾರಿಗೆ ನನ್ನ ಕಡೆ ನೋಡಿದಳು.

"ನೀವು ನಿಧಾನಕ್ಕೆ ಆರಿಸ್ಕೊಂಡು ಬನ್ನಿ" ಎಂದಳು.

ಬೋರ್ಡು ಕೂಡ ಓದದೆ ಹತ್ತಿದ್ದಳು. ಎಲ್ಲಿಗೆ ಹೋಗಿಬಿಡುತ್ತಾಳೋ ಎಂದು ನಾನು ಮುಂದಕ್ಕೆ ಓಡಿಹೋಗಿ ಓದಿದೆ. ನಂಜನಗೂಡಿನದೇ.